ಸೇನೆಯ ಖಾಲಿ ತೋಟೆ: ಹರಾಜಿನ ಬೆಲೆಯೇ ಅಸಲು ಬೆಲೆಯಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಸೇನೆ ತನ್ನ ಗುಂಡುಗಳನ್ನು ಗುಜರಿ ಬೆಲೆಗೆ ಸಾರ್ವಜನಿಕರಿಗೆ ಮಾರುತ್ತಿದೆ, ಕೊಂಡವರು ಕೈತುಂಬ ದುಡ್ಡು ಮಾಡುತ್ತಿದ್ದಾರೆ ಎಂಬ ಅರ್ಥ ಬರುವ ಬರಹವೊಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದಿತ್ತು. ಮಾರಾಟವಾಗುವುದು ಗುಂಡಲ್ಲ; ತರಬೇತಿಯಲ್ಲಿ ಹಾರಿಸಿದ ಮೇಲೆ ನೆಲಕ್ಕೆ ಬಿದ್ದ ಹಿತ್ತಾಳೆಯ ಖಾಲಿ ತೋಟೆ. ಲಾಭದ ಮಾತಂತೂ, ಲಾಟ್ ತಂದು ವಿಂಗಡಿಸಿ ಮುಗಿಸಿದವರನ್ನು ಕೇಳಿದರೆ ಬೇರೆಯೇ ಲೆಕ್ಕ ಹೇಳುತ್ತಾರೆ. ಅಮೆರಿಕದಲ್ಲಿ ನೆಲೆಸಿ ಗುರಿಗಾರಿಕೆಯ ಹವ್ಯಾಸಕ್ಕೆ ಇಳಿದಿರುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಅವರಲ್ಲಿ ಯಾರಾದರೂ ಆ ಬರಹ ನಂಬಿ ಹರಾಜಿಗೆ ಕೈಹಾಕುವ ಮುಂಚೆ ತಿಳಿದಿರಬೇಕಾದ ಸಂಗತಿಗಳಿವೆ.

ಖಾಲಿ ತೋಟೆಗೆ ಬೆಲೆ ಏಕೆ ಎಂಬುದನ್ನು ಮೊದಲು ಹೇಳಬೇಕು. ಅದು ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು ಬೆರೆತ ಹಿತ್ತಾಳೆ. ಮದ್ದು ಉರಿದಾಗ ಉಬ್ಬಿ ಕೋವಿಯ ಗೂಡಿಗೆ (ತೋಟೆ ಕೂರುವ ಕುಳಿಗೆ) ಒತ್ತಿ ಕೂತು ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ, ಒತ್ತಡ ಇಳಿದ ಕೂಡಲೇ ಸ್ವಲ್ಪ ಕುಗ್ಗಿ ಹೊರಬರುತ್ತದೆ. ಗುಂಡು, ಮದ್ದು, ಮದ್ದಿಗೆ ಕಿಡಿ ಹಚ್ಚುವ ಬುಡದ ಪುಟ್ಟ ಬಟ್ಟಲಾದ ಪ್ರೈಮರ್ ಮೂರೂ ಒಂದೇ ಸಲಕ್ಕೆ ಖರ್ಚಾಗುತ್ತವೆ, ತೋಟೆ ಉಳಿಯುತ್ತದೆ. ಅದನ್ನು ಡೈಯಲ್ಲಿ (ಅಳತೆಗೆ ಕೊರೆದ ಉಕ್ಕಿನ ಅಚ್ಚಿನಲ್ಲಿ) ಒತ್ತಿ ಮೂಲ ಅಳತೆಗೆ ತಂದು ಹೊಸ ಪ್ರೈಮರ್ ಕೂರಿಸಿ ಮತ್ತೆ ತುಂಬಿದರೆ ಹಲವು ಸಲ ಬಾಳುತ್ತದೆ. ಸ್ವಂತ ಬಳಕೆಗೆ ಹೀಗೆ ತುಂಬಿಕೊಳ್ಳಲು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಪರವಾನಗಿ ಬೇಕಿಲ್ಲ. ತುಂಬಿ ಮಾರುವ ದಂಧೆ ಮಾಡಿದರೆ ಬೇಕು.

ಸೇನೆ ಇದನ್ನು ಮಾರುವುದರ ಬಗ್ಗೆ ನಿಮ್ಮ ಲೇಖಕರು ಹುಬ್ಬೇರಿಸಿದ್ದಾರೆ. 2009ರ ಮಾರ್ಚ್‌ನಲ್ಲಿ ರಕ್ಷಣಾ ಇಲಾಖೆಯೇ ಹಾಗೆ ಯೋಚಿಸಿತ್ತು. ಖಾಲಿ ತೋಟೆಗಳನ್ನು ಜಜ್ಜಿ ಕತ್ತರಿಸಿದ ಮೇಲಷ್ಟೇ ಮಾರಬೇಕು ಎಂದು ಆದೇಶಿಸಿತು. ಜಜ್ಜಿದ ಹಿತ್ತಾಳೆಗೆ ಕರಗಿಸುವವನ ಬೆಲೆ ಮಾತ್ರ. ತುಂಬುವವನು ಕೊಡುವ ಹೆಚ್ಚಿನ ಬೆಲೆ ಖಜಾನೆಗೆ ಖೋತಾ. ಮೊಂಟಾನಾದ ಸೆನೆಟರ್‌ಗಳಾದ ಮ್ಯಾಕ್ಸ್ ಬಾಕಸ್, ಜಾನ್ ಟೆಸ್ಟರ್ ಇಬ್ಬರೂ ಪತ್ರ ಬರೆದು ಆಕ್ಷೇಪಿಸಿದರು, ಕೆಲವೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು. ಆಮೇಲೆ 2011ರ ಸಾಲಿನ ರಕ್ಷಣಾ ಅಧಿಕಾರ ಕಾಯ್ದೆಯ 346ನೇ ಕಲಮಿನಲ್ಲಿ ಅದು ಬರಹಕ್ಕೇ ಇಳಿಯಿತು: ಸೇನೆಗೆ ಹೆಚ್ಚಾದ ಸಣ್ಣ ಆಯುಧಗಳ ಮದ್ದುಗುಂಡಿನ ಬಿಡಿಭಾಗಗಳನ್ನು, ಹಾರಿಸಿದ ತೋಟೆಗಳೂ ಸೇರಿ, ನಾಶಪಡಿಸುವಂತಿಲ್ಲ, ಮಾರಾಟಕ್ಕೆ ಇಡಬೇಕು. ಮಾರುಕಟ್ಟೆಯ ಬೇಡಿಕೆಗಿಂತ ಹೆಚ್ಚಾದ, ಬಳಕೆಗೆ ಯೋಗ್ಯವಲ್ಲ ಅಥವಾ ಅಪಾಯಕಾರಿ ಎಂದು ಪ್ರಮಾಣೀಕರಿಸಿದ, ಇಲ್ಲವೆ ಅಮೆರಿಕದ ಮುಖ್ಯ ಭೂಭಾಗದ ಹೊರಗಿರುವ ಮಾಲಿಗೆ ವಿನಾಯಿತಿ. ನನ್ನ ಮಟ್ಟಿಗೆ ಇದು ಸರಿಯಾದ ಕಾನೂನು. ಗನ್ ಹಿಂಸೆಯ ಚರ್ಚೆ ಬೇರೆ, ತೆರಿಗೆದಾರರ ದುಡ್ಡಿನ ಹಿತ್ತಾಳೆಯನ್ನು ಕಾಲು ಬೆಲೆಗೆ ಕೊಟ್ಟುಬಿಡುವುದು ಬೇರೆ.

ಮಾರಾಟದ ದಾರಿ ಹೀಗಿದೆ. ಸೇನೆಯ ಹೆಚ್ಚುವರಿ ಸಾಮಾನಿನ ವಿಲೇವಾರಿ ನೋಡುವ ಕಚೇರಿ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿದೆ. ಮೊದಲು ಅದಕ್ಕೆ ಡಿಆರ್‌ಎಂಎಸ್ ಎನ್ನುತ್ತಿದ್ದರು, 2010ರಿಂದ ಡಿಎಲ್‌ಎ (ಡಿಫೆನ್ಸ್ ಲಾಜಿಸ್ಟಿಕ್ಸ್ ಏಜೆನ್ಸಿ) ಡಿಸ್ಪೊಸಿಷನ್ ಸರ್ವಿಸಸ್. ಹಳಬರು ಇಂದಿಗೂ ಹರಾಜಿನ ಯಾರ್ಡಿಗೆ ‘ಡರ್ಮೊ’ ಎಂದೇ ಕರೆಯುತ್ತಾರೆ. ಫೈರಿಂಗ್ ರೇಂಜಿನಿಂದ ಬಂದ ಹಿತ್ತಾಳೆಯನ್ನು ಸುರಕ್ಷಿತ ಎಂದು ಘೋಷಿಸಲು ಬೇರೆಬೇರೆ ಇಬ್ಬರು ನೋಡಿ ಸಹಿ ಹಾಕಬೇಕು. ಸ್ಫೋಟಕ ಉಳಿದಿರಬಹುದಾದ ಮಾಲು ಎಂಬ ಪಟ್ಟಿಯಿಂದ ಅದು ಆಗಲೇ ಹೊರಬರುವುದು. ಆ ಕಾಗದದ ಪ್ರತಿ ಇಲ್ಲದ ಲಾಟನ್ನು ಮುಟ್ಟಬೇಡಿ. ಕೊಳ್ಳುವವರು ಅಂತಿಮ ಬಳಕೆಯ ಪ್ರಮಾಣಪತ್ರ (ಮಾಲನ್ನು ಯಾರು, ಯಾವುದಕ್ಕೆ ಬಳಸುತ್ತಾರೆಂಬ ಹೇಳಿಕೆ) ತುಂಬಿಕೊಡಬೇಕಾದ ಲಾಟ್‌ಗಳಲ್ಲಿ ಆ ತಪಾಸಣೆಗೇ ದಿನಗಳು ಹಿಡಿಯುತ್ತವೆ. ಹಣ ಕಟ್ಟಿದ ಮಾರನೆಯ ದಿನವೇ ಟ್ರಕ್ ಕಳಿಸಿದರೆ ಗೇಟಿನಿಂದ ಬರಿಗೈಲಿ ವಾಪಸು ಬರುತ್ತದೆ, ಬಾಡಿಗೆ ನಿಮ್ಮ ತಲೆಗೆ. ಪೊಲೀಸ್ ಇಲಾಖೆಗಳ ಮತ್ತು ಸೇನೆಯೇತರ ಕೇಂದ್ರ ಸಂಸ್ಥೆಗಳ ರೇಂಜ್ ಹಿತ್ತಾಳೆಯೂ ಬೇರೆ ಸರ್ಕಾರಿ ಹರಾಜು ತಾಣಗಳಲ್ಲಿ ಬರುವುದುಂಟು. ಅದರಲ್ಲಿ ಪಿಸ್ತೂಲಿನ ತೋಟೆ ಹೆಚ್ಚು, ರೈಫಲಿನದು ಕಡಿಮೆ.

ಸವಾಲು ಹಾಕುವುದಕ್ಕೆ ಮುಂಚೆ ಮಾಲು ನೋಡಲು ಗೊತ್ತುಪಡಿಸಿದ ದಿನ ಹೋಗಿಬನ್ನಿ. ‘ಇದ್ದದ್ದು ಇದ್ದ ಹಾಗೆ, ಇದ್ದಲ್ಲೇ’ ಎಂಬ ಷರತ್ತಿನ ಮೇಲೆ ಮಾರಾಟವಾಗುವ ಸರಕಿದು, ಆಮೇಲೆ ದೂರಿಗೆ ಜಾಗವಿಲ್ಲ. ಡ್ರಮ್ಮಿನ ಮೇಲ್ಪದರ ನೋಡಿ ತೀರ್ಮಾನಿಸಬೇಡಿ. ದೊಡ್ಡ ತೋಟೆ ಮೇಲೆ ನಿಲ್ಲುತ್ತದೆ. ಪಿಸ್ತೂಲಿನ 9 ಮಿ.ಮೀ. ತೋಟೆ, ಜಲ್ಲಿ, ಮರಳು ಅಲುಗಾಟಕ್ಕೆ ಸಂದಿಯಲ್ಲಿ ಇಳಿದು ತಳ ಸೇರುತ್ತವೆ. ಅಲ್ಲಿಯವರು ಬಿಟ್ಟರೆ ಕೈಗವಸು ಹಾಕಿಕೊಂಡು ಮೊಣಕೈವರೆಗೆ ತೂರಿಸಿ ಮುಷ್ಟಿ ತುಂಬ ಮೇಲೆತ್ತಿ. ಮಳೆಯಲ್ಲಿ ನಿಂತ ಡ್ರಮ್ಮಾದರೆ ನೀರಿನ ತೂಕಕ್ಕೂ ಹಿತ್ತಾಳೆಯ ಬೆಲೆ ಕೊಟ್ಟ ಹಾಗಾಗುತ್ತದೆ. ಒಂದು ಅಯಸ್ಕಾಂತ ಜೇಬಿನಲ್ಲಿರಲಿ: ಮೆಷಿನ್‌ಗನ್ ಪಟ್ಟಿಯ ಕೊಂಡಿಗಳು, ಉಕ್ಕಿನ ತೋಟೆಗಳು ಅಂಟುತ್ತವೆ. ಅಲ್ಯುಮಿನಿಯಂ ತೋಟೆ ಅಂಟುವುದಿಲ್ಲ, ಅದಕ್ಕೆ ಕಣ್ಣೇ ಬೇಕು. ರೇಂಜಿನಲ್ಲಿ ವಾಹನದ ಗಾಲಿ ಹತ್ತಿ ಚಪ್ಪಟೆಯಾದದ್ದು ಎಷ್ಟಿದೆ ಎಂದೂ ಅಂದಾಜು ಮಾಡಿ.

ತೋಟೆಯ ಬುಡದ ಅಚ್ಚನ್ನು ಓದಬೇಕು. ‘ಎಲ್‌ಸಿ’ ಎಂದರೆ ಮಿಸೌರಿಯ ಇಂಡಿಪೆಂಡೆನ್ಸ್‌ನಲ್ಲಿ 1941ರಲ್ಲಿ ಶುರುವಾದ ಲೇಕ್ ಸಿಟಿ ಕಾರ್ಖಾನೆ. ಪಕ್ಕದ ಎರಡಂಕಿ ತಯಾರಾದ ವರ್ಷ, ವೃತ್ತದೊಳಗಿನ ಶಿಲುಬೆ ನ್ಯಾಟೊ ಗುಣಮಟ್ಟದ ಗುರುತು. ‘ಡಬ್ಲ್ಯುಸಿಸಿ’ ವಿಂಚೆಸ್ಟರ್ ಕಡೆಯದು. ರೈಫಲ್ ತೋಟೆಯ ಕತ್ತಿನ ಹತ್ತಿರ ನೀಲಿ, ಕಂದು ಬಣ್ಣದ ಛಾಯೆ ಕಂಡರೆ ಸುಟ್ಟದ್ದೆಂದು ಬಿಸಾಡಬೇಡಿ. ಕತ್ತನ್ನು ಕಾಯಿಸಿ ಮೆದುಗೊಳಿಸಿದ್ದಕ್ಕೆ ಸಾಕ್ಷಿ ಅದು. ಸೇನೆ ಅದನ್ನು ಉಜ್ಜಿ ತೆಗೆಸುವುದಿಲ್ಲ.

ಇಡೀ ತೋಟೆಯೇ, ಬುಡವೂ ಸೇರಿ, ಒಂದೇ ಸಮ ಮಂಕಾಗಿ ಕೆಂಪು ತಿರುಗಿದ್ದರೆ ಕಥೆ ಬೇರೆ. ಬಳಸದೆ ಉಳಿದ ಹಳೆಯ ಮದ್ದುಗುಂಡನ್ನು ಸೇನೆ ಕುಲುಮೆಯಲ್ಲಿ ಹಾಕಿ ಸಿಡಿಸಿ ನಿಷ್ಕ್ರಿಯಗೊಳಿಸುತ್ತದೆ. ಆ ಬಿಸಿಗೆ ಬುಡ ಮೆತ್ತಗಾಗಿಬಿಡುತ್ತದೆ. ಕತ್ತು ಮೆದುವಿರಬೇಕು, ಬುಡ ಗಡುಸಾಗಿರಬೇಕು. ತೋಟೆಯ ಸುರಕ್ಷತೆಯೆಲ್ಲ ಇರುವುದು ಆ ವ್ಯತ್ಯಾಸದಲ್ಲಿ. ಇಕ್ಕಳದಲ್ಲಿ ಬಾಯನ್ನು ತುಸು ಅಮುಕಿ ಬಿಡಿ. ಒಳ್ಳೆಯದು ಚಿಮ್ಮಿ ಮೊದಲಿನಂತಾಗುತ್ತದೆ, ಕುಲುಮೆ ಕಂಡದ್ದು ಅಮುಕಿದ ಹಾಗೇ ನಿಲ್ಲುತ್ತದೆ. ಇಂಥದ್ದನ್ನು ತುಂಬಿ ಹಾರಿಸಿದರೆ ಪ್ರೈಮರ್ ಗುಳಿ ಹಿಗ್ಗಿ, ಬುಡ ಬಿರಿದು, ಬಿಸಿ ಅನಿಲ ಮುಖದ ಕಡೆಗೇ ಬರುತ್ತದೆ. ಆ ಲಾಟ್ ಎಷ್ಟೇ ಅಗ್ಗವಿದ್ದರೂ ಕರಗಿಸುವವನಿಗೇ ಇರಲಿ.

ಇನ್ನು ಲೆಕ್ಕ. ಸೇನೆಯ ರೈಫಲಿನ 5.56 ಮಿ.ಮೀ. ತೋಟೆ ಸುಮಾರು 6 ಗ್ರಾಂ, ಪೌಂಡಿಗೆ 75 ಬರುತ್ತದೆ. ಮೆಷಿನ್‌ಗನ್ನಿನ 7.62×51 ಮಿ.ಮೀ. ತೋಟೆ ಸುಮಾರು 11.7 ಗ್ರಾಂ, ಪೌಂಡಿಗೆ 39. 9 ಮಿ.ಮೀ. ಪೌಂಡಿಗೆ 115ರ ಆಸುಪಾಸು. 1,000 ಪೌಂಡಿನ ಮಿಶ್ರ ಲಾಟನ್ನು ಪೌಂಡಿಗೆ ಎರಡೂವರೆ ಡಾಲರಿನಂತೆ ಹಿಡಿದಿರಿ ಎನ್ನಿ. ಇವು ಉದಾಹರಣೆಯ ಅಂಕಿ, ದರ ತಾಮ್ರದ ಮಾರುಕಟ್ಟೆಯೊಂದಿಗೆ ಏರಿಳಿಯುತ್ತದೆ. ಮಾಲಿಗೆ 2,500, ಹರಾಜು ತಾಣದ ಕಮಿಷನ್ ನೂರಕ್ಕೆ ಹತ್ತಾದರೆ 250, ಸಾಗಣೆ 400: ಒಟ್ಟು 3,150 ಡಾಲರ್. ಮಣ್ಣು, ಕೊಂಡಿ, ಉಕ್ಕು 100 ಪೌಂಡ್ ಹೋಯಿತು. ಜಜ್ಜಿದ್ದು, ಬೇಡದ ಅಳತೆಯದು 150 ಪೌಂಡ್ ಎರಡು ಡಾಲರಿನಂತೆ ಗುಜರಿಗೆ ಮರಳಿದರೆ 300 ವಾಪಸು. ಉಳಿದ 750 ಪೌಂಡಿನಲ್ಲಿ 500 ಪೌಂಡ್ 5.56 ಇದ್ದರೆ 37,500 ತೋಟೆ, 150 ಪೌಂಡ್ 7.62 ಇದ್ದರೆ 5,850, ಮಿಕ್ಕ 100 ಪೌಂಡ್ 9 ಮಿ.ಮೀ. ಎಂದರೆ 11,500. ಒಂದಕ್ಕೆ ಐದು ಸೆಂಟಿನ ಮೇಲೆ ಸ್ವಲ್ಪ ಬಿತ್ತು. ಹೊಸ ತೋಟೆಯ ಬೆಲೆಯ ಮುಂದೆ ಇದು ಪುಕ್ಕಟೆಯೇ. ನಿಮ್ಮ ಲೇಖಕರ ಲೆಕ್ಕ ಇಲ್ಲಿಗೇ ನಿಂತಿದೆ.

ಮುಂದಿನದು ಕೈಕೆಲಸ, ಅದರಲ್ಲಿ ದೊಡ್ಡದು ಪ್ರೈಮರ್ ಗುಳಿ. ಮೆಷಿನ್‌ಗನ್ನಿನ ಅಲುಗಾಟಕ್ಕೆ ಪ್ರೈಮರ್ ಕಳಚಿ ಒಳಗೆ ಸಿಕ್ಕಿಕೊಳ್ಳಬಾರದೆಂದು ಸೇನೆಯ ತೋಟೆಯಲ್ಲಿ ಗುಳಿಯ ಅಂಚನ್ನು ಪ್ರೈಮರಿನ ಮೇಲೆ ಒತ್ತಿ ಮಡಿಚಿರುತ್ತಾರೆ. ಹಳೆಯ ಪ್ರೈಮರ್ ತಳ್ಳಿ ತೆಗೆದ ಮೇಲೂ ಆ ಮಡಿಕೆ ಉಳಿಯುತ್ತದೆ, ಹೊಸದು ಒಳಗೆ ಇಳಿಯುವುದಿಲ್ಲ. ಬಲವಂತ ಮಾಡಿದರೆ ಪ್ರೈಮರ್ ಓರೆಯಾಗಿ ಕೂತು ಚಪ್ಪಟೆಯಾಗುತ್ತದೆ, ಸಿಡಿಯಲೂಬಹುದು. ಮಡಿಕೆ ತೆಗೆಯಲು ಎರಡು ದಾರಿ. ಒಂದು, ಕೆರೆದು ತೆಗೆಯುವುದು: ಕೈ ಹದ ತಪ್ಪಿದರೆ ಗುಳಿಯ ಬಾಯಿ ಅಗಲವಾಗಿ ಪ್ರೈಮರ್ ಸಡಿಲ ಕೂರುತ್ತದೆ. ಇನ್ನೊಂದು, ಗಡುಸು ಉಕ್ಕಿನ ಮೊಳೆಯಿಂದ ಒತ್ತಿ ಅಂಚನ್ನು ಹಿಂದಕ್ಕೆ ಸರಿಸುವುದು. ಡಿಲನ್ ಕಂಪನಿಯ ಸೂಪರ್ ಸ್ವೇಜ್ 600 ಇದಕ್ಕೆಂದೇ ಇರುವ ಸಾಧನ. ಒಳಗಿನಿಂದ ಆಧಾರ ಕೊಟ್ಟು ಒತ್ತುವುದರಿಂದ ಬುಡದ ಅಂಚು ಬಾಗುವುದಿಲ್ಲ. ಆಧಾರದ ಕಡ್ಡಿಯನ್ನು ಒಂದು ಕಾರ್ಖಾನೆಯ ತೋಟೆಗೆ ಹೊಂದಿಸಿ ಇನ್ನೊಂದರದನ್ನು ಒತ್ತಿದರೆ ಕೆಲಸ ಕೆಡುತ್ತದೆ, ಏಕೆಂದರೆ ಬುಡದ ದಪ್ಪ ಬೇರೆಬೇರೆ. ಅದಕ್ಕೇ ಅಚ್ಚಿನ ಪ್ರಕಾರ ವಿಂಗಡಿಸಿಯೇ ಇದಕ್ಕೆ ಕೂರಬೇಕು. ಒಂದಕ್ಕೆ 10 ಸೆಕೆಂಡ್ ಹಿಡಿದರೂ ಮೇಲಿನ ಲಾಟಿನ 43,350 ರೈಫಲ್ ತೋಟೆಗೆ 120 ಗಂಟೆ. ವಿಂಗಡಣೆ, ತೊಳೆಯುವುದು, ಡೈಗೆ ಒತ್ತುವುದು, ಉದ್ದ ಕತ್ತರಿಸುವುದು ಇದರ ಮೇಲೆ. ಸೇನೆಯ 9 ಮಿ.ಮೀ. ತೋಟೆಗೂ ಈ ಮಡಿಕೆ ಇರುತ್ತದೆ ಎಂಬುದನ್ನು ಎಷ್ಟೋ ಜನ ಪ್ರೆಸ್ ಸಿಕ್ಕಿಕೊಂಡ ಮೇಲೆ ಕಲಿಯುತ್ತಾರೆ.

7.62ರಲ್ಲಿ ಇನ್ನೊಂದು ತೊಡಕು. ಎಂ60, ಎಂ240 ಮೆಷಿನ್‌ಗನ್‌ಗಳ ಗೂಡು ಧಾರಾಳ. ಇದೇ 7.62ರ ನಾಗರಿಕ ರೂಪವಾದ .308 ರೈಫಲಿನ ಗೂಡಿನ ಅಳತೆ (ತೋಟೆಯ ಬುಡ ಕೂರುವಲ್ಲಿಂದ, ಮೈ ಕಿರಿದಾಗುವ ಭುಜ ತಾಗುವಲ್ಲಿವರೆಗೆ) 1.630 ಇಂಚಿನಿಂದ ಆರಂಭವಾಗಿ 1.638 ದಾಟಿದರೆ ರೈಫಲನ್ನು ಬಳಕೆಯಿಂದ ತೆಗೆಯುತ್ತಾರೆ. ಸೇನೆಯ ಮಿತಿ 1.6455ರವರೆಗೆ ಹೋಗುತ್ತದೆ. ಅಷ್ಟು ಸಡಿಲದಲ್ಲಿ ಹಾರಿಸಿದ ತೋಟೆ ಬುಡದ ಸ್ವಲ್ಪ ಮೇಲೆ ಹಿಗ್ಗಿ ಒಳಗೋಡೆ ತೆಳುವಾಗಿರುತ್ತದೆ. ಅದರ ಭುಜವನ್ನು ಡೈಯಲ್ಲಿ ಹಿಂದಕ್ಕೆ ಒತ್ತಿ ಮತ್ತೆ ಹಾರಿಸಿದರೆ ಅದೇ ಜಾಗ ಇನ್ನಷ್ಟು ಹಿಗ್ಗಿ, ಮುಂದೊಮ್ಮೆ ಬುಡ ಬೇರೆ, ಮೈ ಬೇರೆ ಆಗುತ್ತದೆ. ಬುಡದಿಂದ ಸುಮಾರು ಕಾಲಿಂಚು ಮೇಲೆ ಹೊರಗೆ ಹೊಳೆಯುವ ಉಂಗುರ ಕಂಡರೆ ಅನುಮಾನಿಸಿ. ಪೇಪರ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ ತುದಿಯನ್ನು ಕೊಕ್ಕೆಯಂತೆ ಬಾಗಿಸಿ, ಚೂಪಾಗಿ ಉಜ್ಜಿ, ತೋಟೆಯೊಳಗೆ ಇಳಿಸಿ ಗೋಡೆಗುಂಟ ಮೇಲಕ್ಕೆಳೆಯಿರಿ. ಬೆರಳಿಗೆ ಹಳ್ಳ ತಾಗಿದರೆ ಆ ತೋಟೆ ಗುಜರಿಗೆ. ಡೈಗೆ ಒತ್ತುವ ಮುಂಚೆ ಎಣ್ಣೆ ಸಾಕಷ್ಟು ಸವರಿರಬೇಕು, ಇಲ್ಲದಿದ್ದರೆ ತೋಟೆ ಡೈಯಲ್ಲೇ ಕಚ್ಚಿಕೊಂಡು ಬುಡದ ಅಂಚು ಕಿತ್ತುಬರುತ್ತದೆ. ಒತ್ತಿದ ಮೇಲೆ ಪ್ರತಿಯೊಂದನ್ನೂ ಗೇಜಿನಲ್ಲಿ ಇಳಿಸಿ ನೋಡಿ. ಆಮೇಲೆ ಉದ್ದ: 7.62 ಹೆಚ್ಚೆಂದರೆ 51.18 ಮಿ.ಮೀ., 5.56 ಆದರೆ 44.70 ಮಿ.ಮೀ. ಮೀರಿದರೆ ಕತ್ತರಿಸಲೇಬೇಕು. ಬಿಟ್ಟರೆ ಬಾಯಿ ಗೂಡಿನ ತುದಿಗೆ ಒತ್ತಿ ಗುಂಡನ್ನು ಬಿಗಿಯಾಗಿ ಕಚ್ಚುತ್ತದೆ, ಒತ್ತಡ ಏರುತ್ತದೆ. ಸೇನೆಯ 7.62 ತೋಟೆಯ ಗೋಡೆ ದಪ್ಪ, ಒಳಜಾಗ ಕಡಿಮೆ. ಪೇಟೆಯ .308 ತೋಟೆಗೆಂದು ಬರೆದ ಗರಿಷ್ಠ ಅಳತೆಯ ಮದ್ದನ್ನು ಇದರಲ್ಲಿ ಸುರಿಯುವಂತಿಲ್ಲ. ಕೈಪಿಡಿಯ ಆರಂಭದ ಅಳತೆಯಿಂದಲೇ ಹತ್ತಬೇಕು.

ಗುಂಡಿಲ್ಲದೆ ಬರಿ ಸದ್ದು ಮಾಡುವ ತರಬೇತಿಯ ತೋಟೆಗಳೂ ಲಾಟಿನಲ್ಲಿ ಹೇರಳ. ಬಾಯಿ ಹೂವಿನ ಎಸಳಿನಂತೆ ಮಡಿಚಿರುವ 5.56ರ ಆ ತೋಟೆ ಮೂಲ ಕೆಲಸಕ್ಕೆ ಬಾರದು. ಮೇಲಿನದನ್ನು ಕತ್ತರಿಸಿ .300 ಬ್ಲ್ಯಾಕೌಟ್ ಎಂಬ ಗಿಡ್ಡ ತೋಟೆ ಮಾಡಿಕೊಳ್ಳುವವರು ಅದನ್ನೇ ಹುಡುಕಿ ಕೊಳ್ಳುತ್ತಾರೆ. ಎರಡು ಸಹಿ ಬಿದ್ದ ಲಾಟಿನಲ್ಲೂ ಹಾರದೆ ಉಳಿದ ಜೀವಂತ ತೋಟೆ ಒಂದೊಂದು ನುಸುಳಿರುತ್ತದೆ. ಯಂತ್ರಕ್ಕೆ ಸುರಿಯುವ ಮುಂಚೆ ಕಣ್ಣಿನಿಂದಲೇ ಆರಿಸಬೇಕು.

ತೊಳೆಯುವಾಗ ಅಮೋನಿಯಾ ಇರುವ ಹಿತ್ತಾಳೆ ಪಾಲಿಷ್ ಬೇಡವೇ ಬೇಡ. ಇದರ ಪಾಠ ಕಲಿತದ್ದು ಭಾರತದಲ್ಲೇ. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ದಾಸ್ತಾನಿಟ್ಟ ತೋಟೆಗಳು ಹಾರಿಸುವ ಮುಂಚೆಯೇ ಬಿರುಕು ಬಿಡುತ್ತಿದ್ದವು. ಕುದುರೆ ಗಂಜಲದ ಅಮೋನಿಯಾ, ಹವೆಯ ತೇವ, ತಯಾರಿಯಲ್ಲಿ ಹಿತ್ತಾಳೆಯೊಳಗೆ ಉಳಿದ ಬಿಗಿತ ಮೂರೂ ಸೇರಿ ಹೀಗಾಗುತ್ತದೆ ಎಂದು 1921ರಲ್ಲಿ ಇಂಗ್ಲೆಂಡಿನ ಲೋಹತಜ್ಞರು ವಿವರಿಸಿದರು. ಕತ್ತು ಕಾಯಿಸಿ ಮೆದುಗೊಳಿಸುವುದು ಆ ಬಿಗಿತವನ್ನೂ ಇಳಿಸುತ್ತದೆ. ಪಾತ್ರೆ ಸೋಪು, ಚಿಟಿಕೆ ನಿಂಬೆಹುಳಿ ಪುಡಿ, ಉಕ್ಕಿನ ಸಣ್ಣ ಕಡ್ಡಿಗಳೊಂದಿಗೆ ನೀರಿನಲ್ಲಿ ತಿರುಗಿಸಿದರೆ ಸಾಕು. ಹುಳಿ ಹೆಚ್ಚಾದರೆ ಸತು ಕರಗಿ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನೀರಿನ ಕ್ರಮ ಹೇಳುವುದಕ್ಕೆ ಇನ್ನೊಂದು ಕಾರಣ ಸೀಸ. ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತದೆ. ಒಣ ಪುಡಿಯಲ್ಲಿ ಉಜ್ಜುವ ಯಂತ್ರದಿಂದ ಅದು ಧೂಳಾಗಿ ಎದ್ದು ಗ್ಯಾರೇಜು, ಬಟ್ಟೆ, ಮಕ್ಕಳ ಕೈ ಸೇರುತ್ತದೆ. ಅಡುಗೆಮನೆಯ ಪಾತ್ರೆ, ಓವನ್ ಈ ಕೆಲಸಕ್ಕೆ ಸಲ್ಲ. ತೊಳೆದ ಕರಿ ನೀರನ್ನು ತೋಟಕ್ಕೆ ಚೆಲ್ಲಬಾರದು.

ನಮ್ಮವರು ಎಡವುವುದು ಹೆಚ್ಚಾಗಿ ಕಾನೂನಿನಲ್ಲಿ. ಅಮೆರಿಕದ ಕೇಂದ್ರ ಕಾನೂನಿನ ವ್ಯಾಖ್ಯೆಯಲ್ಲಿ ಮದ್ದುಗುಂಡು ಎಂದರೆ ತುಂಬಿದ ತೋಟೆ ಮಾತ್ರವಲ್ಲ. ಖಾಲಿ ತೋಟೆ, ಪ್ರೈಮರ್, ಗುಂಡು, ಮದ್ದು ಎಲ್ಲವೂ ಅದರಲ್ಲಿ ಸೇರಿವೆ. ಎಚ್-1ಬಿ, ಎಫ್-1ನಂಥ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಹೊಂದಿರುವುದು ಅಪರಾಧ. ರಾಜ್ಯವೊಂದು ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಅಂದರೆ ಗುಜರಿಯೆಂದು ತಂದಿಟ್ಟ ಡ್ರಮ್ಮೇ ವೀಸಾಕ್ಕೆ ಕುತ್ತಾಗಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ದೇಶದಿಂದ ಹೊರಗೆ ಕಳಿಸುವುದಕ್ಕೆ ರಫ್ತು ಪರವಾನಗಿಯ ಪ್ರಶ್ನೆ ಬೇರೆ ಏಳುತ್ತದೆ.

ಊರಿಗೆ ಬರುವಾಗ ನೆನಪಿಗೆಂದು ಖಾಲಿ ತೋಟೆಯ ಕೀ-ಚೈನ್ ತರುವುದನ್ನೂ ಬಿಡಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಂ ಕೂಡ ಮದ್ದುಗುಂಡಿನ ಬಿಡಿಭಾಗಗಳನ್ನು ಮದ್ದುಗುಂಡಿನ ವ್ಯಾಖ್ಯೆಯೊಳಗೇ ಇಟ್ಟಿದೆ. ಬ್ಯಾಗಿನ ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟೆಗಾಗಿ ವಿಮಾನ ನಿಲ್ದಾಣದಲ್ಲಿ ಪ್ರಕರಣ ದಾಖಲಾಗಿ, ಗೊತ್ತಿದ್ದು ಇಟ್ಟುಕೊಂಡದ್ದಲ್ಲವೆಂದು ದೆಹಲಿ ಹೈಕೋರ್ಟು ರದ್ದುಪಡಿಸಿದ ಉದಾಹರಣೆಗಳು ಹಲವಿವೆ. ರದ್ದಾಗುವವರೆಗಿನ ಅಲೆದಾಟ ಯಾರಿಗೂ ಬೇಡ. ಕೊಡಗಿನ ಓದುಗರು ಒಂದು ಪ್ರಶ್ನೆ ಎತ್ತಬಹುದು: ನಮಗೆ 2029ರವರೆಗೆ ಕೋವಿ ಪರವಾನಗಿಯ ವಿನಾಯಿತಿ ಇದೆಯಲ್ಲ, ತೋಟೆ ನಾವೇ ತುಂಬಿಕೊಂಡರೆ? ಆ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು. ಮದ್ದುಗುಂಡು ತಯಾರಿಕೆ 5ನೇ ಕಲಮಿನಲ್ಲಿ ಬರುತ್ತದೆ, ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು.

ಇಂತಿ,
ಅಮೆರಿಕದಲ್ಲಿರುವ ನಿಮ್ಮ ಓದುಗ